ಟಿಕೆಟ್ ದುಡ್ಡು ವಾಪಸ್ ಕೇಳಿದ ಕಥೆ

2025ರ ಜೂನ್‌ನಲ್ಲಿ ನನಗೂ ನನ್ನ ತಂಗಿಗೂ ಒಂದು ಒಪ್ಪಂದ ಆಯಿತು. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ ನಡೆಯುವಷ್ಟು ದಿನ ಅವಳು ಬೆಳಿಗ್ಗೆ ಬೇಗ ಎದ್ದು ನನ್ನ ಜೊತೆ ಮ್ಯಾಚ್ ನೋಡಬೇಕು. ಅದಕ್ಕೆ ಪ್ರತಿಯಾಗಿ ವರ್ಷದ ಕೊನೆಗೆ ಅವಳು ಯಾವ ಮ್ಯೂಸಿಕ್ ಫೆಸ್ಟಿವಲ್ ಹೇಳುತ್ತಾಳೋ ಅದಕ್ಕೆ ನಾನು ಜೊತೆಗೆ ಹೋಗಬೇಕು. ಅವಳು ಮಾತು ಉಳಿಸಿಕೊಂಡಳು. ಫೈನಲ್‌ನ ಏಳು ಮ್ಯಾಚಿಗೂ ಎದ್ದಳು. ನಾನೂ ಉಳಿಸಿಕೊಂಡೆ, ನವೆಂಬರ್‌ನಲ್ಲಿ ಹೋದೆ. ಆಮೇಲೆ ಆ ಫೆಸ್ಟಿವಲ್‌ನ ಟಿಕೆಟ್ ದುಡ್ಡು ವಾಪಸ್ ಕೇಳುವುದರಲ್ಲೇ ನಮಗೆ ನಾಲ್ಕು ತಿಂಗಳು ಹಿಡಿಯಿತು.

ಟಿಕೆಟ್ ಕೊಂಡವರಿಗೆ ಏನು ಸಿಗಬೇಕು ಅನ್ನುವ ನನ್ನ ಲೆಕ್ಕ ಶುರುವಾಗಿದ್ದು ಮುಂಬೈನಲ್ಲಿ. ಅದನ್ನು ಮೊದಲು ಹೇಳಬೇಕು.

2019ರ ಅಕ್ಟೋಬರ್ 4 ಮತ್ತು 5ರಂದು ಅಲ್ಲಿನ ವರ್ಲಿಯ ಎನ್‌ಎಸ್‌ಸಿಐ ಡೋಮ್ ಅನ್ನುವ ಒಳಾಂಗಣ ಕ್ರೀಡಾಂಗಣದಲ್ಲಿ ಇಂಡಿಯಾನಾ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ತಂಡಗಳು ಆಡಿದವು. ಎನ್‌ಬಿಎ ತಂಡಗಳು ಭಾರತಕ್ಕೆ ಬಂದು ಆಡಿದ್ದು ಅದೇ ಮೊದಲು. ಕಿಂಗ್ಸ್ ತಂಡದ ಮಾಲೀಕ ವಿವೇಕ್ ರಣದಿವೆ ಹುಟ್ಟಿದ್ದೇ ಮುಂಬೈನಲ್ಲಿ. ಅವು ಸೀಸನ್ ಶುರುವಾಗುವ ಮುಂಚಿನ ಪಂದ್ಯಗಳು, ಗೆದ್ದರೂ ಸೋತರೂ ಅಂಕಪಟ್ಟಿಗೆ ಸೇರುವುದಿಲ್ಲ. ಮೊದಲ ದಿನದ ಆಟ ಸುಮಾರು ಮೂರು ಸಾವಿರ ಶಾಲಾ ಮಕ್ಕಳಿಗಾಗಿಯೇ ಇತ್ತು. ನಮ್ಮಂಥವರಿಗೆ ಎರಡನೇ ದಿನ. ನಾನು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಹೆಚ್ಚೂ ಕಡಿಮೆ ಒಂದು ದಿನ ಪೂರ್ತಿ ರೈಲಿನಲ್ಲಿ ಕೂತು ಹೋದೆ.

ರೈಲಿನಲ್ಲಿದ್ದಾಗಲೇ ಮೊದಲ ದಿನದ ಸುದ್ದಿ ಬಂತು. ಲೆಕ್ಕಕ್ಕೇ ಇಲ್ಲದ ಆ ಆಟ ಸಮವಾಗಿ, ಹೆಚ್ಚುವರಿ ಸಮಯಕ್ಕೆ, ಅಂದರೆ ಓವರ್‌ಟೈಮ್‌ಗೆ ಹೋಗಿ, ಪೇಸರ್ಸ್ 132-131ರಲ್ಲಿ ಒಂದೇ ಪಾಯಿಂಟಿನಿಂದ ಗೆದ್ದಿತ್ತು. ಮಕ್ಕಳ ಮುಂದೆ, ಯಾವ ಲಾಭವೂ ಇಲ್ಲದ ಕಡೆ ಇವರು ಇಷ್ಟು ಆಡಿದರಲ್ಲ ಅಂತ ನನಗೆ ತುಂಬಾ ಖುಷಿಯಾಯಿತು. ನಾನು ನೋಡಿದ ದಿನ ಪೇಸರ್ಸ್ 130-106ರಲ್ಲಿ ಸುಲಭವಾಗಿ ಗೆದ್ದಿತು. ಪೈಪೋಟಿ ಇರಲಿಲ್ಲ. ಆದರೂ ಆ ರಾತ್ರಿಯನ್ನು ನಾನು ಮರೆಯುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ಆಡಿದ್ದು ಸಿಮೆಂಟ್ ಕೋರ್ಟಿನಲ್ಲಿ. ರಿಂಗಿಗೆ ನೆಟ್ ಇರಲಿಲ್ಲ. ಬಾಲ್ ಒಳಗೆ ಹೋಯಿತೋ ಪಕ್ಕದಲ್ಲಿ ಹಾದುಹೋಯಿತೋ ಅಂತ ಜಗಳ ಆಡುತ್ತಿದ್ದೆವು. ಡೋಮ್‌ನಲ್ಲಿ ವಾರ್ಮ್‌ಅಪ್ ನಡೆಯುತ್ತಿದ್ದಾಗ ಸಂಗೀತ ಒಂದು ಕ್ಷಣ ನಿಂತಿತು. ಆಗ ಬಾಲ್ ರಿಂಗಿಗೆ ತಾಗದೆ ನೆಟ್‌ನೊಳಗೆ ಇಳಿದ ಸದ್ದು ಕೇಳಿಸಿತು. ಹೊಸ ಬಟ್ಟೆ ಕೊಡವಿದ ಹಾಗೆ. ಟೀವಿಯಲ್ಲಿ ಸಾವಿರ ಸಲ ಕೇಳಿದ್ದೇ. ಆದರೆ ಅದು ಇಷ್ಟು ಮೆತ್ತಗಿರುತ್ತದೆ ಅಂತ ಗೊತ್ತಿರಲಿಲ್ಲ. ಪೇಸರ್ಸ್‌ನ ಮೈಲ್ಸ್ ಟರ್ನರ್ ಆರು ಅಡಿ ಹನ್ನೊಂದು ಇಂಚಿನ ಮನುಷ್ಯ. ಅಷ್ಟು ಎತ್ತರದವನು ಬೆರಳ ತುದಿಯಿಂದ ಬಾಲ್ ಬಿಡುವ ನಾಜೂಕು ನೋಡಿ ನನ್ನ ಪಕ್ಕದ ಸೀಟಿನ ಹುಡುಗ ಸುಮ್ಮನೆ ಕೈಮುಗಿದ. ಅವತ್ತಿನಿಂದ ನಾನು ಪೇಸರ್ಸ್ ಕಡೆಯವನು. ಅವರ ಊರು ಇಂಡಿಯಾನಾಪೊಲಿಸ್ ಎಲ್ಲಿದೆ ಅಂತ ನಕ್ಷೆಯಲ್ಲಿ ಹುಡುಕಿದ್ದು ಆಮೇಲೆ.

ಪೇಸರ್ಸ್ ಎನ್‌ಬಿಎ ಪಟ್ಟ ಒಂದು ಸಲವೂ ಗೆದ್ದಿಲ್ಲ. ಹಳೆಯ ಎಬಿಎ ಲೀಗಿನಲ್ಲಿ 1970, 1972, 1973ರಲ್ಲಿ ಮೂರು ಸಲ ಗೆದ್ದಿದ್ದಾರೆ. ಎನ್‌ಬಿಎ ಫೈನಲ್‌ಗೆ 2000ದಲ್ಲಿ ಒಮ್ಮೆ ಹೋಗಿ ಲೇಕರ್ಸ್ ಎದುರು ಸೋತರು. ಅಂಥ ತಂಡ. 2022ರ ಫೆಬ್ರವರಿಯಲ್ಲಿ ನಾನು ಮುಂಬೈನಲ್ಲಿ ಕಂಡಿದ್ದ ಡೊಮಾಂಟಾಸ್ ಸಬೋನಿಸ್‌ನನ್ನು ಕಿಂಗ್ಸ್‌ಗೆ ಕೊಟ್ಟು, ಅಲ್ಲಿಂದ ಟೈರೀಸ್ ಹಾಲಿಬರ್ಟನ್‌ನನ್ನು ತಂದರು. ಡೋಮ್‌ನಲ್ಲಿ ಎದುರುಬದುರು ನಿಂತಿದ್ದ ಅದೇ ಎರಡು ತಂಡಗಳ ನಡುವೆ ಆದ ಅದಲುಬದಲು. ಸಬೋನಿಸ್ ಹೋದನಲ್ಲ ಅಂತ ನನಗೆ ವಾರವೆಲ್ಲ ಬೇಜಾರಾಗಿತ್ತು. ನನ್ನ ಲೆಕ್ಕ ತಪ್ಪಿತ್ತು. ಹಾಲಿಬರ್ಟನ್ ಬಾಲನ್ನು ಕೈಯಲ್ಲಿ ಇಟ್ಟುಕೊಳ್ಳುವವನಲ್ಲ, ಹಂಚುವವನು. ಅವನು ಬಂದ ಮೇಲೆ ಇಡೀ ತಂಡ ಓಡಲು ಕಲಿಯಿತು.

ಇಲ್ಲಿ ಎನ್‌ಬಿಎ ಬಗ್ಗೆ ನನಗಿರುವ ದೊಡ್ಡ ತಕರಾರನ್ನೂ ಹೇಳುತ್ತೇನೆ. ಒಂದು ತಂಡ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ 82 ಮ್ಯಾಚ್ ಆಡುತ್ತದೆ. ಇದು ಜಾಸ್ತಿ ಆಯಿತು. ಆಟಗಾರರ ಮೈ ತಡೆಯುವುದಿಲ್ಲ. ಹಾಗಾಗಿ ತಂಡಗಳು ಸ್ಟಾರ್ ಆಟಗಾರರನ್ನು ಆಗಾಗ ಕೂರಿಸುತ್ತವೆ. ಅದಕ್ಕೆ ಲೋಡ್ ಮ್ಯಾನೇಜ್‌ಮೆಂಟ್ ಅನ್ನುತ್ತಾರೆ. ಆರು ತಿಂಗಳು ದುಡ್ಡು ಕೂಡಿಟ್ಟು, ಮಗುವಿನ ಕೈ ಹಿಡಿದುಕೊಂಡು ಬಂದ ಅಪ್ಪನಿಗೆ, ಬಾಗಿಲ ಹತ್ತಿರ ಬಂದ ಮೇಲೆ 'ಇವತ್ತು ಅವನು ಆಡುವುದಿಲ್ಲ' ಅಂತ ಗೊತ್ತಾಗುತ್ತದೆ. 2023-24ರ ಸೀಸನ್‌ನಿಂದ, ಎಂವಿಪಿ (ಸೀಸನ್‌ನ ಶ್ರೇಷ್ಠ ಆಟಗಾರ) ಥರದ ಪ್ರಶಸ್ತಿ ಬೇಕೆಂದರೆ ಕನಿಷ್ಠ 65 ಮ್ಯಾಚ್ ಆಡಿರಬೇಕು ಅಂತ ನಿಯಮ ತಂದರು. ನನಗೆ ಅದು ಸರಿಯಾದ ಔಷಧಿ ಅನಿಸುವುದಿಲ್ಲ. ಮ್ಯಾಚ್ ಕಡಿಮೆ ಮಾಡಬೇಕು. ಕಡಿಮೆ ಮಾಡಿದರೆ ಆದಾಯ ಕಡಿಮೆಯಾಗುತ್ತದೆ ಅಂತ ಯಾರೂ ಮಾಡುತ್ತಿಲ್ಲ, ಅಷ್ಟೆ.

ಆದರೆ ಅದೇ ಲೀಗಿನ ಇನ್ನೊಂದು ಘಟನೆ ನನಗೆ ಯಾವಾಗಲೂ ನೆನಪಾಗುತ್ತದೆ. 2012ರ ನವೆಂಬರ್ 29. ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ಕೋಚ್ ಗ್ರೆಗ್ ಪೊಪೊವಿಚ್, ಮಯಾಮಿಯಲ್ಲಿ ದೊಡ್ಡ ಮ್ಯಾಚ್ ಇದ್ದಾಗ ಟಿಮ್ ಡಂಕನ್, ಟೋನಿ ಪಾರ್ಕರ್, ಮನು ಜಿನೋಬಿಲಿ, ಡ್ಯಾನಿ ಗ್ರೀನ್ ಎಂಬ ನಾಲ್ವರು ಮುಖ್ಯ ಆಟಗಾರರನ್ನೂ ವಿಶ್ರಾಂತಿಗೆಂದು ಮನೆಗೆ ಕಳಿಸಿಬಿಟ್ಟರು. ಲೀಗಿನ ಕಮಿಷನರ್ ಆಗಿದ್ದ ಡೇವಿಡ್ ಸ್ಟರ್ನ್ ಆ ರಾತ್ರಿಯೇ ಅಭಿಮಾನಿಗಳ ಕ್ಷಮೆ ಕೇಳಿದರು. ಆಮೇಲೆ ಸ್ಪರ್ಸ್‌ಗೆ ಎರಡೂವರೆ ಲಕ್ಷ ಡಾಲರ್ ದಂಡ ಹಾಕಿದರು. ದಂಡ ಸರಿಯೋ ತಪ್ಪೋ ಅಂತ ಇವತ್ತಿಗೂ ವಾದ ಇದೆ. ನನಗೆ ಮುಖ್ಯ ಅನಿಸಿದ್ದು ಆ ಕ್ಷಮೆ. ಇನ್ನೊಂದು ವಿಷಯ. ಉಳಿದ ಸ್ಪರ್ಸ್ ಹುಡುಗರು ಅವತ್ತು ಎಷ್ಟು ಚೆನ್ನಾಗಿ ಆಡಿದರೆಂದರೆ, ಲೆಬ್ರಾನ್ ಜೇಮ್ಸ್ ಇದ್ದ ಮಯಾಮಿ ಎದುರು ಬರೀ ಐದು ಪಾಯಿಂಟಿನಿಂದ, 105-100ರಲ್ಲಿ ಸೋತರು. ದೊಡ್ಡ ಹೆಸರುಗಳು ಇಲ್ಲದಿದ್ದರೂ ಬಂದವರು ಬರಿಗೈಲಿ ಹೋಗಲಿಲ್ಲ. ನಮ್ಮ ಫೆಸ್ಟಿವಲ್ ಕಥೆಗೆ ಇದು ಬೇಕಾಗುತ್ತದೆ.

2025ರಲ್ಲಿ ಪ್ಲೇಆಫ್ ಅನ್ನುವ ನಾಕೌಟ್ ಹಂತದ ಆ ಎರಡು ತಿಂಗಳು ಪೇಸರ್ಸ್ ಆಡಿದ ಆಟವನ್ನು ನೋಡಿದವರೇ ನಂಬಬೇಕು. ಏಪ್ರಿಲ್‌ನಲ್ಲಿ ಆಟಗಾರರ ನಡುವೆ ಹೆಸರು ಹೇಳದೆ ನಡೆಸಿದ ಒಂದು ಮತಗಣನೆಯಲ್ಲಿ ಹಾಲಿಬರ್ಟನ್‌ಗೆ 'ಯೋಗ್ಯತೆಗಿಂತ ಹೆಚ್ಚು ಹೆಸರು ಪಡೆದವನು' ಅಂತ ಅತಿ ಹೆಚ್ಚು ಮತ ಬಿದ್ದಿತ್ತು. ಅದಾದ ಕೆಲವೇ ದಿನಗಳಲ್ಲಿ ಅವನು ಮಿಲ್ವಾಕೀ ಎದುರು ಕೊನೇ ಕ್ಷಣದಲ್ಲಿ ಬಾಲ್ ಹಾಕಿ ಗೆಲ್ಲಿಸಿದ. ಕ್ಲೀವ್‌ಲ್ಯಾಂಡ್ ಎದುರು ಮತ್ತೆ ಅದೇ. ಮೇ 21ರಂದು ನ್ಯೂಯಾರ್ಕ್ ತಂಡದ ಎದುರು ಅವರದೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಇನ್ನು ಮೂರು ನಿಮಿಷವೂ ಇಲ್ಲದಾಗ 14 ಪಾಯಿಂಟ್ ಹಿಂದಿದ್ದರು. ಪೇಸರ್ಸ್‌ನ ಆರನ್ ನೆಸ್ಮಿತ್ ಒಂದರ ಹಿಂದೆ ಒಂದು ತ್ರೀ (ದೂರದ ಗೆರೆಯಾಚೆಯಿಂದ ಹಾಕಿದರೆ ಸಿಗುವ ಮೂರು ಪಾಯಿಂಟ್) ಹಾಕಿದ. ಕೊನೆಗೆ ಹಾಲಿಬರ್ಟನ್ ಎಸೆದ ಬಾಲ್ ರಿಂಗಿನ ಹಿಂಭಾಗಕ್ಕೆ ಬಡಿದು, ಬೋರ್ಡಿಗಿಂತ ಮೇಲೆ ನೆಗೆದು, ನೇರವಾಗಿ ಒಳಗೆ ಬಿತ್ತು. ಗೆದ್ದೇಬಿಟ್ಟೆವು ಅಂತ ಅವನೂ ಅಂದುಕೊಂಡ, ನಾನೂ ಅಂದುಕೊಂಡೆ. ನೋಡಿದರೆ ಅವನ ಕಾಲು ಗೆರೆ ಮೇಲಿತ್ತು, ಎರಡೇ ಪಾಯಿಂಟ್, ಆಟ ಸಮ. ಓವರ್‌ಟೈಮ್‌ನಲ್ಲಿ 138-135. ನಮ್ಮ ಮನೆಯಲ್ಲಿ ಬೆಳಗಿನ ಹೊತ್ತು ನಾನು ಕೂಗಿದ ಕೂಗಿಗೆ ಅಮ್ಮ ಅಡುಗೆಮನೆಯಿಂದ ಓಡಿ ಬಂದರು.

ತಂಗಿ ಸೇರಿಕೊಂಡಿದ್ದು ಫೈನಲ್‌ಗೆ. ಮೊದಲ ಮ್ಯಾಚ್ ನಮಗೆ ಜೂನ್ 6ರ ಶುಕ್ರವಾರ ಬೆಳಿಗ್ಗೆ. ಎರಡು ದಿನದ ಹಿಂದೆ, 4ನೇ ತಾರೀಖು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಹೋಗಿದ್ದರು. ಊರಿಗೆ ಊರೇ ಮಂಕಾಗಿತ್ತು. ಆಟ ನೋಡುವ ಮನಸ್ಸೇ ಇರಲಿಲ್ಲ. ಆದರೂ ಹಾಕಿದೆವು. ಒಕ್ಲಹೋಮಾ ಸಿಟಿ ಥಂಡರ್ ಎದುರು ಪೇಸರ್ಸ್ ಬೆಳಗಿನಿಂದ ಹಿಂದೆಯೇ ಇದ್ದರು. ಕೊನೇ ಕ್ವಾರ್ಟರಿನಲ್ಲಿ 15 ಪಾಯಿಂಟ್ ಹಿಂದೆ. ಕೊನೆಗೆ ಗಡಿಯಾರದಲ್ಲಿ 0.3 ಸೆಕೆಂಡ್ ಉಳಿದಿದ್ದಾಗ ಹಾಲಿಬರ್ಟನ್ ಹಾಕಿದ, 111-110. ಇಡೀ ಆಟದಲ್ಲಿ ಅವರು ಮುಂದಿದ್ದದ್ದು ಆ 0.3 ಸೆಕೆಂಡ್ ಮಾತ್ರ. ತಂಗಿ ಮಾತಾಡದೆ ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ, "ಅಣ್ಣಾ, ಇವ್ರು ದಿನಾ ಹೀಗೇ ಆಡ್ತಾರಾ?" ಅಂದಳು.

ಏಳನೇ ಮ್ಯಾಚ್ ಜೂನ್ 23ರ ಬೆಳಿಗ್ಗೆ ಐದೂವರೆಗೆ. ಹಾಲಿಬರ್ಟನ್‌ನ ಮೀನಖಂಡಕ್ಕೆ ಐದನೇ ಮ್ಯಾಚಿನಲ್ಲೇ ಪೆಟ್ಟಾಗಿತ್ತು. ಆದರೂ ಇಳಿದ. ಮೊದಲ ಕ್ವಾರ್ಟರಿನಲ್ಲೇ ಮೂರು ತ್ರೀ ಹಾಕಿದ. ಆಮೇಲೆ ಮುಂದಕ್ಕೆ ಹೆಜ್ಜೆ ಇಡಲು ಹೋಗಿ ಬಿದ್ದ. ಕೈಯಿಂದ ನೆಲವನ್ನು ಬಡಿದ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು, ಅಕಿಲಿಸ್, ಹರಿದಿತ್ತು. ಅವನಿಲ್ಲದೆಯೂ ಹಾಫ್‌ಟೈಮಿಗೆ ಪೇಸರ್ಸ್ 48-47ರಲ್ಲಿ ಮುಂದಿತ್ತು. ಪೇಸರ್ಸ್‌ನ ಕುಳ್ಳ ಆಟಗಾರ ಟಿ.ಜೆ. ಮೆಕಾನೆಲ್ ಒಬ್ಬನೇ ಎಷ್ಟು ಓಡಿದ! 2019ರ ತಂಡದಲ್ಲಿದ್ದವರಲ್ಲಿ ಉಳಿದಿದ್ದವರು ಅವನು ಮತ್ತು ಟರ್ನರ್ ಇಬ್ಬರೇ. ಕೊನೆಗೆ 103-91ರಲ್ಲಿ ಸೋತರು.

ಅದೇ ಪ್ಲೇಆಫ್‌ನಲ್ಲಿ ಬೇರೆ ತಂಡಗಳ ಸ್ಟಾರ್‌ಗಳಾದ ಡೇಮಿಯನ್ ಲಿಲ್ಲಾರ್ಡ್‌ನ ಅಕಿಲಿಸ್ ಹರಿದಿತ್ತು, ಜೇಸನ್ ಟೇಟಮ್‌ನದೂ ಹರಿದಿತ್ತು. ಮೂವರ ಜೆರ್ಸಿ ಸಂಖ್ಯೆಯೂ ಸೊನ್ನೆ. "ಕಾಲು ನೋವಿದ್ರೂ ಯಾಕೆ ಆಡಿಸ್ಬೇಕಿತ್ತು?" ಅಂತ ತಂಗಿ ಕೋಪದಿಂದ ಕೇಳಿದಳು. ಅವಳ ಕಣ್ಣು ತುಂಬಿತ್ತು. ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಸ್ಟಾರ್‌ಗಳು ಆಡದೆ ಕೂತರೆ ನಾನು ಬೈಯುತ್ತಿದ್ದೆ. ಇಲ್ಲಿ ಒಬ್ಬ ಆಡಿ ಒಂದು ವರ್ಷ ಕಳೆದುಕೊಂಡ. ಮತ್ತೆ ಅಂಥ ಸಂದರ್ಭ ಬಂದರೂ ಆಡುತ್ತೇನೆ ಎಂದು ಅವನೇ ಆಮೇಲೆ ಬರೆದುಕೊಂಡ. ಅದನ್ನು ಓದಿದ ಮೇಲೆ ನಾನು ವಿಶ್ರಾಂತಿ ಪಡೆಯುವ ಆಟಗಾರರನ್ನು ಬೈಯುವುದು ಬಿಟ್ಟೆ. ಬೈಯಬೇಕಾದ್ದು 82ರ ಲೆಕ್ಕ ಹಾಕಿದವರನ್ನು.

ಈಗ ಫೆಸ್ಟಿವಲ್.

ನವೆಂಬರ್‌ನ ಒಂದು ಶನಿವಾರ, ಭಾನುವಾರ, ಊರ ಹೊರಗಿನ ಬಯಲಿನಲ್ಲಿ ಎರಡು ದಿನದ ಕಾರ್ಯಕ್ರಮ. ಒಬ್ಬೊಬ್ಬರಿಗೆ 4,999 ರೂಪಾಯಿ, ಅದರ ಮೇಲೆ ಬುಕಿಂಗ್ ಶುಲ್ಕ ಬೇರೆ. ಪೋಸ್ಟರಿನಲ್ಲಿ ಒಂದು ವಿದೇಶಿ ಬ್ಯಾಂಡಿನ ಹೆಸರು ಎಲ್ಲಕ್ಕಿಂತ ದೊಡ್ಡದಾಗಿತ್ತು. ತಂಗಿ ಕಾಲೇಜಿನ ದಿನದಿಂದ ಕೇಳುತ್ತಿದ್ದ ಬ್ಯಾಂಡ್ ಅದು. ಅವಳು ಅಕೌಂಟ್ಸ್ ಕೆಲಸ ಮಾಡುತ್ತಾಳೆ, ದುಡ್ಡನ್ನು ಸುಮ್ಮನೆ ಖರ್ಚು ಮಾಡುವವಳಲ್ಲ. ಈ ಟಿಕೆಟ್‌ಗಾಗಿ ಜುಲೈಯಿಂದ ತೆಗೆದಿಟ್ಟಿದ್ದಳು.

ಗೇಟ್ ಎರಡು ಗಂಟೆಗೆ ಅಂದಿದ್ದರು. ತೆಗೆದಿದ್ದು ನಾಲ್ಕೂವರೆಗೆ. ಅಷ್ಟು ಜನಕ್ಕೆ ಒಳಗೆ ಹೋಗಲು ಒಂದೇ ದಾರಿ, ಎರಡೂ ಕಡೆ ತಗಡಿನ ಗೋಡೆ. ಹಿಂದಿನವರು ತಳ್ಳುತ್ತಿದ್ದರು, ಮುಂದಿನವರಿಗೆ ಜಾಗ ಇರಲಿಲ್ಲ. ತಂಗಿ ನನ್ನ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಇಬ್ಬರಿಗೂ ಜೂನ್ 4 ನೆನಪಾಗಿತ್ತು, ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ. ಕೊನೆಗೆ ಕಾವಲಿಗಿದ್ದ ಒಬ್ಬ ಹಿರಿಯರು ತಾವಾಗಿಯೇ ತಗಡಿನ ಒಂದು ತುಂಡು ಬಿಚ್ಚಿ ಪಕ್ಕಕ್ಕೆ ದಾರಿ ಮಾಡಿದರು. "ನಿಧಾನಕ್ಕೆ ಬನ್ನಿ ಮಕ್ಕಳೇ, ನಿಧಾನ" ಅಂತ ಹೇಳುತ್ತಲೇ ಇದ್ದರು. ಇಡೀ ದಿನದಲ್ಲಿ ನಮ್ಮ ಬಗ್ಗೆ ಯೋಚನೆ ಮಾಡಿದವರು ಅವರೊಬ್ಬರೇ.

ಒಳಗೆ ನಗದು ನಡೆಯುವುದಿಲ್ಲ. ಕೈಗೆ ಒಂದು ಪಟ್ಟಿ ಕಟ್ಟುತ್ತಾರೆ, ಅದಕ್ಕೆ ಮೊದಲೇ ದುಡ್ಡು ತುಂಬಿಸಬೇಕು. ಎರಡು ಸಾವಿರ ತುಂಬಿಸಿದೆವು. ಪಟ್ಟಿ ಚಾಲೂ ಮಾಡಲು ನೂರು ರೂಪಾಯಿ ಹಿಡಿದುಕೊಂಡರು. ನೀರಿನ ಬಾಟಲಿ ಎಂಬತ್ತು. ಹೊರಗಿನ ನೀರು ತರುವಂತಿಲ್ಲ, ಕುಡಿಯುವ ನೀರಿನ ನಲ್ಲಿ ಎಲ್ಲೂ ಇಲ್ಲ. ಶೌಚಾಲಯದ ವಿಷಯ ಬೇಡ, ಹೆಣ್ಣುಮಕ್ಕಳ ಕಡೆ ಸಾಲು ಮುಕ್ಕಾಲು ಗಂಟೆ ಇತ್ತು ಅಂತಷ್ಟೇ ಹೇಳುತ್ತೇನೆ.

ಎರಡು ವೇದಿಕೆಗಳನ್ನು ಎದುರುಬದುರು ಹಾಕಿದ್ದರು. ಇಲ್ಲಿ ಹಾಡುವವರ ದನಿಯ ಮೇಲೆ ಅಲ್ಲಿನ ಡ್ರಮ್ ಬಂದು ಬೀಳುತ್ತಿತ್ತು. ಗೇಟೇ ತಡವಾಗಿದ್ದರಿಂದ ಜನರನ್ನು ಮುಂದೆ ನಿಲ್ಲಿಸಿಕೊಂಡೇ ಸೌಂಡ್ ಚೆಕ್ ಮಾಡಿದರು, ಐವತ್ತು ನಿಮಿಷ. ತೆರೆದ ಬಯಲಿನಲ್ಲಿ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು ಅನ್ನುವುದು 2000ನೇ ಇಸವಿಯಿಂದ ಇರುವ ನಿಯಮ. ವಿಶೇಷ ಅನುಮತಿ ಇಲ್ಲದಿದ್ದರೆ ಅದನ್ನು ಮೀರುವಂತಿಲ್ಲ. ಇದು ಆಯೋಜಕರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಎರಡೂವರೆ ಗಂಟೆ ತಡವಾದಾಗಲೇ ಯಾರ ಹಾಡು ಕತ್ತರಿಸಿ ಹೋಗುತ್ತದೆ ಅಂತ ಲೆಕ್ಕ ಹಾಕಿ ನಮಗೆ ಹೇಳಬಹುದಿತ್ತು. ಹೇಳಲಿಲ್ಲ. ಕತ್ತರಿ ಬಿದ್ದಿದ್ದು ನಮ್ಮ ಊರಿನ ಹುಡುಗರ ತಂಡಗಳಿಗೆ. ಮುಕ್ಕಾಲು ಗಂಟೆ ಕೊಟ್ಟಿದ್ದ ತಂಡಕ್ಕೆ ಇಪ್ಪತ್ತು ನಿಮಿಷ.

ಆದರೆ ಆ ಸಂಜೆಯ ಒಂದೇ ಒಳ್ಳೆಯ ನೆನಪೂ ಅಂಥ ಒಂದು ತಂಡದ್ದೇ. ಗಿಟಾರ್ ಜೊತೆಗೆ ತಮಟೆ, ಡೊಳ್ಳು ಇಟ್ಟುಕೊಂಡು ಜನಪದ ಹಾಡುವ ಹುಡುಗರು. ಎರಡನೇ ಹಾಡಿನ ನಡುವೆ ಜನರೇಟರ್ ನಿಂತಿತು. ದೀಪ ಆರಿತು, ಮೈಕ್ ಸತ್ತಿತು, ಗಿಟಾರ್ ಮೂಕವಾಯಿತು. ತಮಟೆ ಮಾತ್ರ ನಿಲ್ಲಲಿಲ್ಲ. ಬಾರಿಸುತ್ತಿದ್ದವನು ಒಂದು ಸಲ ಹಿಂದೆ ತಿರುಗಿ ನೋಡಿದ, ಡೊಳ್ಳಿನವರಿಗೆ ತಲೆ ಆಡಿಸಿದ, ಮೂವರೂ ವೇದಿಕೆಯಿಂದ ಕೆಳಗೆ ಇಳಿದು ಜನರ ನಡುವೆ ಬಂದರು. ಜನ ಸುತ್ತ ಸರಿದು ಜಾಗ ಮಾಡಿದರು. ಯಾರೋ ಮೊಬೈಲ್ ಟಾರ್ಚ್ ಹಿಡಿದರು. ಸುಮಾರು ಹತ್ತು ನಿಮಿಷ, ಕರೆಂಟ್ ಇಲ್ಲದೆ, ಚರ್ಮ ಮತ್ತು ಕೋಲಿನ ಸದ್ದು ಅಷ್ಟೇ. ಡೊಳ್ಳಿನ ಏಟು ನನ್ನ ಎದೆಗೂಡಿನಲ್ಲಿ ಗುಂಯ್‌ಗುಟ್ಟುತ್ತಿತ್ತು. ತಂಗಿ ಚಪ್ಪಲಿ ಕೈಯಲ್ಲಿ ಹಿಡಿದು ಕುಣಿದಳು. ನಾನೂ ಕುಣಿದೆ. ಆ ಹುಡುಗರಿಗೆ ಅವತ್ತು ಯಾರಾದರೂ ಪೂರ್ತಿ ಸಂಭಾವನೆ ಕೊಟ್ಟಿದ್ದರೆ ಸಾಕು ಅಂತ ಈಗಲೂ ಅನಿಸುತ್ತದೆ. ಅವರನ್ನು ಕೇಳಲು ಟಿಕೆಟ್ ಇಟ್ಟಿದ್ದರೆ ಅದೇ ದುಡ್ಡು ಕೊಟ್ಟು ಹೋಗುತ್ತಿದ್ದೆ.

ಒಂಬತ್ತು ಹತ್ತಕ್ಕೆ ದೊಡ್ಡ ಪರದೆಯ ಮೇಲೆ ಒಂದು ಸಾಲು ಬಂತು. ಅನಿವಾರ್ಯ ಕಾರಣಗಳಿಂದ ಆ ವಿದೇಶಿ ಬ್ಯಾಂಡ್ ಇಂದು ಪ್ರದರ್ಶನ ನೀಡುವುದಿಲ್ಲ. ಅಷ್ಟೇ. ಒಬ್ಬ ಮನುಷ್ಯನೂ ವೇದಿಕೆಗೆ ಬಂದು ಹೇಳಲಿಲ್ಲ. ಜನ ಮೊದಲು ಕೂಗಿದರು, ಆಮೇಲೆ ಸುಮ್ಮನಾದರು. ತಂಗಿ ಆ ಸಾಲಿನ ಫೋಟೋ ತೆಗೆದಳು. ಸಮಯ ಕಾಣುವ ಹಾಗೆ ತೆಗೆದಳು. ಆಗ ನನಗೆ ಅರ್ಥವಾಗಲಿಲ್ಲ ಯಾಕೆ ಅಂತ. ಭಾನುವಾರ ಮಳೆ ಬಂತು, ಒಂದು ವೇದಿಕೆ ರದ್ದು ಅಂತ ಮಧ್ಯಾಹ್ನ ಮೆಸೇಜ್ ಬಂತು. ನಾವು ಹೋಗಲಿಲ್ಲ.

ಸೋಮವಾರದಿಂದ ಕಾಗದದ ಕೆಲಸ ಶುರುವಾಯಿತು. ಕೈಪಟ್ಟಿಯಲ್ಲಿ 1,140 ರೂಪಾಯಿ ಉಳಿದಿತ್ತು. ಮೂರು ದಿನದೊಳಗೆ ಒಂದು ಲಿಂಕ್‌ನಲ್ಲಿ ಕೇಳಿಕೊಂಡರೆ ವಾಪಸ್ ಕೊಡುತ್ತೇವೆ ಅಂದಿದ್ದರು. ಲಿಂಕ್ ಮೂರು ದಿನವೂ ತೆರೆಯಲಿಲ್ಲ. ಪ್ರತಿ ಸಲ ಬಂದ ತಪ್ಪು ಸಂದೇಶದ ಸ್ಕ್ರೀನ್‌ಶಾಟ್ ತಂಗಿ ತೆಗೆದಿಟ್ಟಳು. ಟಿಕೆಟ್ ಮಾರಿದವರಿಗೆ ಬರೆದೆವು. ನಾವು ಮಾರುವವರು ಮಾತ್ರ, ಆಯೋಜಕರನ್ನು ಕೇಳಿ ಅಂದರು. ಆಯೋಜಕರಿಗೆ ಬರೆದೆವು. ಕಲಾವಿದರ ಪಟ್ಟಿ ಬದಲಾಗಬಹುದು ಎಂದು ನಿಯಮದಲ್ಲಿದೆ, ಹಣ ವಾಪಸ್ ಇಲ್ಲ ಅಂದರು. ಎರಡೂ ಉತ್ತರಗಳು ಯಂತ್ರ ಬರೆದ ಹಾಗಿದ್ದವು. ನನ್ನ ಹೆಸರಿನ ಜಾಗದಲ್ಲಿ ಇಮೇಲ್ ವಿಳಾಸ ಇತ್ತು.

ನಾನು ಅಲ್ಲಿಗೇ ಬಿಡುತ್ತಿದ್ದೆ. ತಂಗಿ ಬಿಡಲಿಲ್ಲ. "ಪೋಸ್ಟರ್‌ನಲ್ಲಿ ದೊಡ್ಡದಾಗಿ ಹೆಸರು ಹಾಕಿ ಮಾರಿದ್ದು ಯಾವುದನ್ನ ಅಣ್ಣಾ? ಬದಲಾಗೋದು ಬೇರೆ, ಬರದೇ ಇರೋದು ಬೇರೆ" ಅಂದಳು. ಆ ಮಾತು ಸರಿ ಅಲ್ವಾ?

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915ಕ್ಕೆ ಫೋನ್ ಮಾಡಿದೆವು. ಕನ್ನಡದಲ್ಲೇ ಮಾತಾಡಿದೆವು. ಆ ಕಡೆ ಇದ್ದವರು ತಾಳ್ಮೆಯಿಂದ ಕೇಳಿಕೊಂಡು ದೂರಿಗೆ ಒಂದು ಸಂಖ್ಯೆ ಕೊಟ್ಟರು. ಅದು ಕೋರ್ಟ್ ಅಲ್ಲ, ಆದೇಶ ಕೊಡುವ ಅಧಿಕಾರ ಅವರಿಗಿಲ್ಲ. ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಇದನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು, ಇಲ್ಲದಿದ್ದರೆ ಸುಮ್ನೆ ನಿರಾಸೆ ಆಗುತ್ತದೆ. ಐದು ವಾರದ ಮೇಲೆ ಕೈಪಟ್ಟಿಯ 1,140 ರೂಪಾಯಿ ಖಾತೆಗೆ ಬಂತು. ಟಿಕೆಟ್ ವಿಷಯಕ್ಕೆ ಮತ್ತೆ ಅದೇ ನಿಯಮದ ಪಾಠ.

ಆಮೇಲೆ ನಾವಿಬ್ಬರೂ ಕೂತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಓದಿದೆವು. ಓದಿದರೆ ಅಷ್ಟೇನೂ ಕಷ್ಟ ಇಲ್ಲ. ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತೇನಿಲ್ಲ. ಎರಡು ವರ್ಷದೊಳಗೆ ಕೊಟ್ಟರೆ ಆಯಿತು. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಅದಕ್ಕೂ ಮುಂಚೆ ಒಂದು ನೋಟಿಸ್ ಕಳಿಸೋಣ ಅಂದುಕೊಂಡೆವು. ತಂಗಿ ಬರೆದಳು. ಎರಡು ಪುಟ, ಒಂದು ಬೈಗುಳ ಇಲ್ಲ, ಒಂದು ವಿಶೇಷಣ ಇಲ್ಲ. ಗೇಟ್ ತೆಗೆದ ಸಮಯ, ಸೌಂಡ್ ಚೆಕ್ ಮುಗಿದ ಸಮಯ, ಪರದೆ ಮೇಲೆ ಸಾಲು ಬಂದ ಸಮಯ, ಪೋಸ್ಟರಿನ ಚಿತ್ರ, ಪ್ರತಿ ರಸೀದಿ. ಸೇವಾ ನ್ಯೂನತೆ ಅನ್ನುವ ಪದ ಒಂದೇ ಕಡೆ. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಆಯೋಗಕ್ಕೆ ಹೋಗುತ್ತೇವೆ ಅಂತ ಕೊನೇ ಸಾಲು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ ದಾಖಲೆಯ ಪ್ರಿಂಟ್ ತೆಗೆದಿಟ್ಟೆವು.

ಆ ಚಳಿಗಾಲ ಪೇಸರ್ಸ್ ಸೋಲಿನ ಮೇಲೆ ಸೋಲು ತಿನ್ನುತ್ತಿದ್ದರು. ಹಾಲಿಬರ್ಟನ್ ಇಡೀ ಸೀಸನ್ ಆಡುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟಿದ್ದರು. ಟರ್ನರ್ ಮಿಲ್ವಾಕೀಗೆ ಹೋಗಿದ್ದ. ಮುಂಬೈಗೆ ಬಂದಿದ್ದವರಲ್ಲಿ ಉಳಿದವನು ಮೆಕಾನೆಲ್ ಒಬ್ಬನೇ. ಒಪ್ಪಂದ ಮುಗಿದಿದ್ದರೂ ತಂಗಿ ಬೆಳಿಗ್ಗೆ ಎದ್ದು ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಇಪ್ಪತ್ತು ಪಾಯಿಂಟ್ ಹಿಂದಿದ್ದಾಗಲೂ ಎದುರಾಳಿ ಬಾಲ್ ಒಳಗೆ ಎಸೆಯುವಾಗ ಕಸಿಯಲು ನುಗ್ಗುತ್ತಿದ್ದ ಮೆಕಾನೆಲ್‌ನನ್ನು ನೋಡಿ, "ಇವ್ನು ಆ ತಮಟೆ ಹುಡುಗನ ಥರಾನೇ ಅಣ್ಣಾ" ಅಂದಳು. ಒಂದು ದಿನ ಸ್ಪರ್ಸ್ ನಾಲ್ವರನ್ನು ಮನೆಗೆ ಕಳಿಸಿದ ಕಥೆಯನ್ನೂ, ಸ್ಟರ್ನ್ ಕ್ಷಮೆ ಕೇಳಿದ್ದನ್ನೂ ಅವಳಿಗೆ ಹೇಳಿದೆ. ಅದನ್ನು ಅವಳು ಎರಡು ಸಲ ಹೇಳಿಸಿಕೊಂಡಳು.

ಮಾರ್ಚ್‌ನಲ್ಲಿ ಆಯೋಜಕರಿಂದ ಇಮೇಲ್ ಬಂತು. ಇಬ್ಬರ ಟಿಕೆಟ್‌ನ ಅರ್ಧ ದುಡ್ಡು ವಾಪಸ್, ಇದನ್ನು ಪೂರ್ತಿ ಇತ್ಯರ್ಥ ಎಂದು ಒಪ್ಪಿಕೊಳ್ಳಬೇಕು. ರಾತ್ರಿ ಊಟ ಆದ ಮೇಲೆ ಲೆಕ್ಕ ಹಾಕಿದೆವು. ಆಯೋಗಕ್ಕೆ ಹೋದರೆ ಇನ್ನೂ ಹೆಚ್ಚು ಸಿಗಬಹುದು, ಆದರೆ ಇಬ್ಬರೂ ರಜೆ ಹಾಕಿ ಓಡಾಡಬೇಕು. ಅಮ್ಮ, "ಸಾಕು ಬಿಡ್ರೋ, ನಾಲ್ಕು ತಿಂಗಳಾಯ್ತು" ಅಂದರು. ಒಪ್ಪಿಕೊಂಡೆವು. ಒಂದು ವಾರದಲ್ಲಿ ದುಡ್ಡು ಬಂತು.

ದುಡ್ಡು ಬಂದ ರಾತ್ರಿ ತಂಗಿ ಅವರಿಗೆ ಒಂದು ಉತ್ತರ ಬರೆದಳು. ಹಣ ತಲುಪಿದೆ, ಧನ್ಯವಾದ. ನಿಮ್ಮ ಯಾವ ಪತ್ರದಲ್ಲೂ ಕ್ಷಮಿಸಿ ಅನ್ನುವ ಪದ ಇಲ್ಲ. ಅವತ್ತು ಬಂದಿದ್ದ ಎಲ್ಲರಿಗೂ ಒಂದು ಸಾಲು ಬರೆದು ಕಳಿಸಲು ಸಾಧ್ಯವೇ? ತಗಡಿನ ಗೋಡೆ ಬಿಚ್ಚಿ ದಾರಿ ಮಾಡಿದ ಕಾವಲಿನ ಹಿರಿಯರಿಗೆ ನಮ್ಮ ನಮಸ್ಕಾರ ತಿಳಿಸಿ. ಆ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ.